ನೀರೊಳಗೆ ಗೇಜು ಎಲ್ಲಿರಬೇಕು?

ಸುರಪುರ ಸೀಮೆಯ ನೀಲಕಂಠರಾಯನಗಡ್ಡಿ ಕೃಷ್ಣೆಯ ನಡುವಿನ ಊರು. 2013ರ ಮಳೆಗಾಲದಲ್ಲಿ ಹೊಳೆ ಉಕ್ಕಿ ಹರಿಯುತ್ತಿದ್ದಾಗ ಆ ಊರಿನ ತುಂಬು ಗರ್ಭಿಣಿಯೊಬ್ಬರು ಒಣಗಿದ ಸೋರೆ, ಕುಂಬಳದ ಬುರುಡೆಗಳನ್ನು ಮೈಗೆ ಕಟ್ಟಿಕೊಂಡು, ಅಕ್ಕಪಕ್ಕದಲ್ಲಿ ಮನೆಯವರನ್ನು ಇಟ್ಟುಕೊಂಡು, ಈಜಿ ದಂಡೆ ಸೇರಿದ ಸುದ್ದಿ ದೇಶದ ತುಂಬ ಹರಡಿತು. ಓದಿದವರೆಲ್ಲ ಆಕೆಯ ಧೈರ್ಯವನ್ನು ಕೊಂಡಾಡಿದರು. ಕೊಂಡಾಡಬೇಕಾದದ್ದೇ. ಆದರೆ ಹೊಳೆದಂಡೆಯಲ್ಲಿ ಬೆಳೆದವರ ಕಣ್ಣಿಗೆ ಇನ್ನೊಂದು ಸಂಗತಿಯೂ ಬೀಳುತ್ತದೆ. ಬುರುಡೆ ಎಲ್ಲಿ ಕಟ್ಟಿದ್ದರು? ಅದು ಸೊಂಟದ ಕೆಳಗೆ ಜಾರಿದರೆ ಕಾಲು ಮೇಲೆದ್ದು ತಲೆ ನೀರಿಗೆ ಬಗ್ಗುತ್ತದೆ. ಕಂಕುಳ ಕೆಳಗೆ, ಎದೆಯ ಸುತ್ತ ಬಿಗಿಯಾಗಿ ನಿಂತರೆ ಬಾಯಿ ಮೂಗು ಮೇಲಿರುತ್ತವೆ, ಎರಡು ಕೈಗಳೂ ಈಜುವುದಕ್ಕೆ ಸಿಗುತ್ತವೆ. ಅದೇ ಬುರುಡೆ, ಅದೇ ಹಗ್ಗ. ಒಂದು ಗೇಣು ಹೆಚ್ಚುಕಮ್ಮಿಯಾದರೆ ಮಾತ್ರ ಕಥೆ ಬೇರೆ.

ನೀರಿನಲ್ಲಿ ಒಂದು ವಸ್ತು ಇದ್ದರೆ ಸಾಲದು, ಅದು ಸರಿಯಾದ ಜಾಗದಲ್ಲಿ ಇರಬೇಕು. ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಆಳಕ್ಕೆ ಇಳಿಯುವ ಸ್ಕೂಬಾ ಡೈವರ್‌ಗಳು ಎಂಟು ದಶಕಗಳಿಂದ ಚರ್ಚಿಸುತ್ತಿರುವುದೂ ಇದನ್ನೇ. ಗಾಳಿ, ಆಳಗಳನ್ನು ತೋರಿಸುವ ಗೇಜು ಮಣಿಕಟ್ಟಿನ ಮೇಲಿರಬೇಕೇ, ಪೈಪಿನ ತುದಿಗೆ ತೂಗಬೇಕೇ, ಸೊಂಟಕ್ಕೆ ಕೊಕ್ಕೆ ಹಾಕಿರಬೇಕೇ, ಮಾಸ್ಕಿನೊಳಗೆ ಕಣ್ಣಿಗೇ ತಾಗಿಕೊಂಡಿರಬೇಕೇ? ಕೇಳಲು ಸಣ್ಣ ಪ್ರಶ್ನೆ. ಇದರ ಸುತ್ತ ಹುಟ್ಟಿರುವ ಪಂಥಗಳಲ್ಲಿ ಮಾತ್ರ ಒಂದೊಂದಕ್ಕೂ ತನ್ನದೇ ನೀರಿದೆ, ತನ್ನದೇ ಅಪಾಯಗಳಿವೆ.

ಡೈವರ್‌ಗೆ ಬೇಕಾದ ಮೂರು ಉತ್ತರ

ಗಾಳಿ ಎಷ್ಟು ಉಳಿದಿದೆ? ಎಷ್ಟು ಆಳದಲ್ಲಿ ಎಷ್ಟು ಹೊತ್ತಾಯಿತು? ಯಾವ ದಿಕ್ಕಿಗೆ ಹೋಗುತ್ತಿದ್ದೇನೆ? ಪ್ರೆಶರ್ ಗೇಜು, ಡೆಪ್ತ್ ಗೇಜು ಮತ್ತು ಗಡಿಯಾರ (ಈಗ ಇವೆರಡರ ಬದಲು ಡೈವ್ ಕಂಪ್ಯೂಟರ್), ದಿಕ್ಸೂಚಿ ಇವು ಈ ಮೂರಕ್ಕೆ ಉತ್ತರ ಹೇಳುತ್ತವೆ.

ಮೊದಲನೆಯದರ ಲೆಕ್ಕ ನೋಡಿ. 12 ಲೀಟರಿನ ಸಿಲಿಂಡರಿನಲ್ಲಿ 200 ಬಾರ್ ಒತ್ತಡ ತುಂಬಿದರೆ 2400 ಲೀಟರ್ ಗಾಳಿ. ದಂಡೆಯ ಮೇಲೆ ನಿಮಿಷಕ್ಕೆ 20 ಲೀಟರ್ ಉಸಿರಾಡುವವನಿಗೆ ಅದು ಎರಡು ಗಂಟೆ ಸಾಕು. 10 ಮೀಟರ್ ಆಳದಲ್ಲಿ ಒತ್ತಡ ಇಮ್ಮಡಿಯಾಗುವುದರಿಂದ ಒಂದೇ ಗಂಟೆ. 20 ಮೀಟರಿನಲ್ಲಿ ನಲವತ್ತು ನಿಮಿಷ. ಹೆದರಿ ಏದುಸಿರು ಬಿಟ್ಟರೆ ಅದರ ಅರ್ಧ. ಹೀಗೆ ಕರಗುವ ಆಸ್ತಿಯ ಲೆಕ್ಕವನ್ನು ಬೇಕೆಂದಾಗ ತಡಕಾಡದೆ ನೋಡಲು ಬರಬೇಕು.

ನೋಡುವುದು ಎಂದೆ. ನೀರಿನಲ್ಲಿ ಅದೇ ಕಷ್ಟ. ಮಾಸ್ಕಿನ ಗಾಜಿನಿಂದ ನೋಡಿದರೆ ವಸ್ತುಗಳು ಇರುವುದಕ್ಕಿಂತ ಕಾಲುಭಾಗ ಹತ್ತಿರ ಕಾಣುತ್ತವೆ. 40 ಸೆಂಟಿಮೀಟರ್ ದೂರ ಹಿಡಿದ ಗೇಜು 30ರಲ್ಲಿ ಇದ್ದಂತೆ ತೋರುತ್ತದೆ. ಚಾಳೀಸು ಬಂದವರಿಗೆ ಇದು ಉಪಕಾರವಲ್ಲ. ಕೈ ಇನ್ನೂ ಚಾಚಬೇಕಾಗುತ್ತದೆ, ಗಿಡ್ಡ ಪೈಪಿನ ಗೇಜು ಅಷ್ಟು ದೂರ ಬರುವುದಿಲ್ಲ. ಬಣ್ಣಗಳಲ್ಲಿ ಕೆಂಪು ಮೊದಲು ಮಾಯವಾಗುತ್ತದೆ. ಗೇಜಿನ ಮೇಲೆ 50 ಬಾರ್‌ನ ಕೆಳಗೆ ಬಳಿದಿರುವ ಅಪಾಯದ ಕೆಂಪು ಪಟ್ಟಿ ಆಳದಲ್ಲಿ ಮಂಕು ಕಂದು ಪಟ್ಟಿಯಾಗುತ್ತದೆ.

ಬೆನ್ನ ಹಿಂದಿನ ಸರಳಿನಿಂದ ಶುರು

1943ರಲ್ಲಿ ಫ್ರಾನ್ಸಿನ ಝಾಕ್ ಕೂಸ್ತೊ ಮತ್ತು ಎಮಿಲ್ ಗಾನ್ಯಾಂ ಆಕ್ವಾಲಂಗ್ ಎಂಬ ಸ್ಕೂಬಾ ಸಲಕರಣೆಯನ್ನು ರೂಪಿಸಿದರು. ಮುಂದೆ ಬಹುಕಾಲ ಹೆಚ್ಚಿನ ಡೈವರ್‌ಗಳ ಬಳಿ ಪ್ರೆಶರ್ ಗೇಜೇ ಇರಲಿಲ್ಲ. ಸಿಲಿಂಡರಿನ ವಾಲ್ವಿನಲ್ಲಿ ಒಂದು ಸ್ಪ್ರಿಂಗ್ ಇರುತ್ತಿತ್ತು. ಒತ್ತಡ ಒಂದು ಮಟ್ಟಕ್ಕೆ ಇಳಿದಾಗ ಉಸಿರೆಳೆಯುವುದು ಬಿಗಿಯಾಗುತ್ತಿತ್ತು. ಆಗ ಕೈಯನ್ನು ಬೆನ್ನ ಹಿಂದೆ ಹಾಕಿ, ಸಿಲಿಂಡರಿನ ಪಕ್ಕದಲ್ಲಿ ಇಳಿಬಿಟ್ಟ ಸರಳನ್ನು ಕೆಳಗೆ ಎಳೆದರೆ ಕಾದಿಟ್ಟ ಗಾಳಿ ಸಿಗುತ್ತಿತ್ತು. ಅಂದರೆ ಮೊದಲ ಗೇಜನ್ನು ಓದುತ್ತಿದ್ದದ್ದು ಕಣ್ಣಲ್ಲ, ಶ್ವಾಸಕೋಶ. ಇಳಿಯುವಾಗ ಆ ಸರಳು ಎಲ್ಲಾದರೂ ತಾಗಿ ಮೊದಲೇ ಕೆಳಗೆ ಸರಿದಿದ್ದರೆ ಕಾದಿಟ್ಟದ್ದೂ ಗೊತ್ತಾಗದೆ ಮುಗಿದಿರುತ್ತಿತ್ತು. ಉಪಕರಣದ ಜಾಗವೇ ಜೀವದ ಪ್ರಶ್ನೆಯಾದದ್ದಕ್ಕೆ ಇದು ಹಳೆಯ ಸಾಕ್ಷಿ.

ಮಣಿಕಟ್ಟಿನ ಇತಿಹಾಸ ಇದಕ್ಕೂ ಹಿಂದಿನದು. ಇಟಲಿಯ ನೌಕಾಪಡೆಯ ಮುಳುಗುಗಾರರಿಗೆಂದು 1930ರ ದಶಕದಲ್ಲಿ ಪನೆರಾಯ್ ಕಂಪನಿ ಕತ್ತಲಲ್ಲಿ ಹೊಳೆಯುವ ಕೈಗಡಿಯಾರ ಮಾಡಿತು. ಮಣಿಕಟ್ಟಿಗೆ ಕಟ್ಟುವ ದಿಕ್ಸೂಚಿ, ಡೆಪ್ತ್ ಗೇಜುಗಳನ್ನೂ ಮಾಡಿತು. 1953ರಲ್ಲಿ ಬ್ಲಾಂಪಾನ್ ಕಂಪನಿಯ ಫಿಫ್ಟಿ ಫ್ಯಾದಮ್ಸ್ ಗಡಿಯಾರ ಬಂತು. ಅದೇ ಹೊತ್ತಿಗೆ ರೋಲೆಕ್ಸ್‌ನ ಸಬ್‌ಮರಿನರ್ ಕೂಡ. ಮುಂದೆ ಪ್ರೆಶರ್ ಗೇಜು ಎಲ್ಲರಿಗೂ ಬಂದಾಗ ಹೊಸ ತೊಡಕು ಹುಟ್ಟಿತು. ಅದು ಸಿಲಿಂಡರಿಗೆ ಪೈಪಿನಿಂದ ಕಟ್ಟಿಹಾಕಿದ ಗೇಜು, ಕೈಗೆ ಕಟ್ಟಿಕೊಂಡು ತಿರುಗುವಂಥದ್ದಲ್ಲ. ಇಲ್ಲಿಂದ ಪಂಥಗಳು ಕವಲೊಡೆದವು.

ಮಣಿಕಟ್ಟಿನವರು

ಇವರ ವಾದ ಸರಳ. ಕೈ ಇದ್ದಲ್ಲಿ ಕಣ್ಣು ಹೋಗುತ್ತದೆ. ಕೈಯನ್ನು ಬೇಕಾದಷ್ಟು ದೂರ ಚಾಚಬಹುದು, ಹತ್ತಿರ ತರಬಹುದು, ಮಟ್ಟವಾಗಿ ಹಿಡಿಯಬಹುದು. ದಿಕ್ಸೂಚಿಯ ಮಟ್ಟಿಗೆ ಈ ವಾದಕ್ಕೆ ಎದುರಿಲ್ಲ ಎಂದೇ ನನ್ನ ಎಣಿಕೆ. ಓರೆಯಾದರೆ ಅದರ ತಟ್ಟೆ ಅಂಟಿಕೊಂಡು ನಿಂತುಬಿಡುತ್ತದೆ. ಬಲಗೈಯನ್ನು ನೇರ ಮುಂದಕ್ಕೆ ಚಾಚಿ, ಎಡಗೈಯಿಂದ ಬಲ ಮೊಣಕೈಯನ್ನು ಹಿಡಿದುಕೊಂಡರೆ ಎಡ ಮಣಿಕಟ್ಟು ತಾನಾಗಿ ಮುಖದ ಎದುರು ಅಡ್ಡ ಬರುತ್ತದೆ. ಅಲ್ಲಿರುವ ದಿಕ್ಸೂಚಿಯ ಗೆರೆ ಮೈಯ ನೇರಕ್ಕೆ ಕೂಡುತ್ತದೆ. ಚಾಚಿದ ಬಲಗೈ ಬಂಡೆಗೆ ತಲೆ ತಾಗದಂತೆ ಮುಂದಿನಿಂದ ಕಾಯುತ್ತದೆ. ಎಡಗೈಯ ದಿಕ್ಸೂಚಿ ಬರೀ ರೂಢಿಯಿಂದ ಬಂದದ್ದಲ್ಲ, ಈ ಭಂಗಿಯಿಂದ ಬಂದದ್ದು.

ಕಂಪ್ಯೂಟರ್ ಯಾವ ಕೈಗೆ ಎಂಬುದರಲ್ಲಿ ಮಣಿಕಟ್ಟಿನವರಲ್ಲೇ ಎರಡು ಮನೆ. ತೇಲುಜಾಕೆಟ್ಟಿಗೆ ಗಾಳಿ ಬಿಡುವ, ತೆಗೆಯುವ ಗುಂಡಿ ಎಡ ಭುಜದಿಂದ ಇಳಿಯುವ ಪೈಪಿನ ತುದಿಯಲ್ಲಿದೆ. ಮೇಲೇರುವಾಗ ಎಡಗೈ ಆ ಪೈಪನ್ನು ಎತ್ತಿ ಹಿಡಿದಿರುತ್ತದೆ. ಆಗ ಎಡ ಮಣಿಕಟ್ಟಿನ ಮುಖ ಬೇರೆ ಕಡೆ ತಿರುಗುತ್ತದೆ. ನಿಮಿಷಕ್ಕೆ ಸುಮಾರು 9 ಮೀಟರಿಗಿಂತ ವೇಗವಾಗಿ ಏರಬಾರದು. ಆ ವೇಗವನ್ನು ನೋಡಲೇಬೇಕಾದ ಹೊತ್ತಿನಲ್ಲೇ ಅಂಕಿ ಮರೆಯಾಗುತ್ತದೆ. ಹಾಗಾಗಿ ಕಂಪ್ಯೂಟರ್ ಬಲಕ್ಕೆ ಎನ್ನುವವರು ಒಂದು ಮನೆ. ಬಲಗೈಗೆ ಟಾರ್ಚು, ಹಗ್ಗದ ರಾಟೆ, ಹುಡುಕುವ ಕೆಲಸ ಇರುತ್ತವೆ, ಅದನ್ನು ಹಗುರವಾಗಿ ಬಿಡಿ ಎನ್ನುವವರು ಇನ್ನೊಂದು ಮನೆ.

ಮಣಿಕಟ್ಟಿಗೂ ತನ್ನದೇ ಕೊರತೆಯಿದೆ. ರಬ್ಬರು ಸೂಟು ಆಳದ ಒತ್ತಡಕ್ಕೆ ತೆಳ್ಳಗಾಗುತ್ತದೆ. ದೋಣಿಯ ಮೇಲೆ ಬಿಗಿಯಾಗಿದ್ದ ಪಟ್ಟಿ 20 ಮೀಟರಿನಲ್ಲಿ ಸಡಿಲಾಗಿ, ಗೇಜು ಅಂಗೈ ಕಡೆಗೆ ಸುತ್ತಿಕೊಂಡಿರುತ್ತದೆ. ಬಕಲ್ ಪಟ್ಟಿ ತೆಗೆದು ಎರಡು ಎಳೆ ಇಲಾಸ್ಟಿಕ್ ದಾರ ಹಾಕಿಕೊಳ್ಳುವುದು ಇದಕ್ಕೆ ಕಂಡುಕೊಂಡ ಮದ್ದು. ಸೂಟು ಕುಗ್ಗಿದರೆ ದಾರವೂ ಕುಗ್ಗುತ್ತದೆ. ಒಂದು ಎಳೆ ಹರಿದರೆ ಇನ್ನೊಂದು ಹಿಡಿದಿರುತ್ತದೆ.

1983ರಲ್ಲಿ ಅಮೆರಿಕದಲ್ಲಿ ಬಂದ ಆರ್ಕಾ ಎಡ್ಜ್ ಕಂಪ್ಯೂಟರ್ ಮಣಿಕಟ್ಟಿಗೆ ದೊಡ್ಡ ಹೊರೆಯೇ. ಇಂದು 40 ಮೀಟರ್ ಆಳ ಅಳೆಯುವ ಕೈಗಡಿಯಾರವನ್ನು ಆಪಲ್ ಕಂಪನಿಯೇ ಮಾರುತ್ತಿದೆ. ಉಪಕರಣ ಚಿಕ್ಕದಾದಷ್ಟೂ ಮಣಿಕಟ್ಟಿನವರ ಸಂಖ್ಯೆ ಬೆಳೆದಿದೆ.

ತೂಗುವ ಕನ್ಸೋಲ್

ಹೇಗೂ ಪ್ರೆಶರ್ ಗೇಜಿನ ಪೈಪೊಂದು ಇಳಿದೇ ಇದೆ, ಅದರ ತುದಿಗೆ ಎಲ್ಲವನ್ನೂ ಜೋಡಿಸಿದರಾಯಿತು. ಗಾಳಿ, ಆಳ, ದಿಕ್ಕು ಮೂರೂ ಒಂದೇ ರಬ್ಬರು ಚೌಕಟ್ಟಿನಲ್ಲಿ, ಅದೇ ಕನ್ಸೋಲ್. ಕಲಿಯುವವರಿಗೆ ಒಂದೇ ನೋಟ, ಬಾಡಿಗೆಗೆ ಕೊಡುವವರಿಗೆ ಏನೂ ಕಳೆಯುವ ಭಯವಿಲ್ಲ. ತರಬೇತಿ ಕೇಂದ್ರಗಳಲ್ಲಿ ಇದು ಬೇರೂರಿದ್ದಕ್ಕೆ ಕಾರಣ ಅದೇ.

ಮುರುಡೇಶ್ವರದಿಂದ ಹೊರಡುವ ದೋಣಿಯಲ್ಲಿ ಹೋಗಿ ನೇತ್ರಾಣಿ ದ್ವೀಪದ ಬಳಿ ನಾನು ಮೊದಲ ಸಲ ಇಳಿದಾಗ ನನಗೆ ಸಿಕ್ಕಿದ್ದೂ ಇಂಥದ್ದೇ. ನೀರು ತಿಳಿ, ಕೆಳಗೆ ಬಂಡೆ, ಬಂಡೆಯ ಮೇಲೆ ಮೀನಿನ ಹಿಂಡು. ಗೇಜು ನೋಡಬೇಕೆನ್ನಿಸಿ ಎಡಗೈ ಸೊಂಟದ ಬಳಿ ಹೋಯಿತು. ಏನೂ ಇಲ್ಲ. ತೊಡೆ ಸವರಿದೆ. ಇಲ್ಲ. ಮೂರನೆಯ ಸಲ ಮೈ ಪೂರಾ ಎಡಕ್ಕೆ ವಾಲಿಸಿದಾಗ ಅದು ಮೊಣಕಾಲ ಹಿಂದೆ ತೂಗುತ್ತಿತ್ತು. ಅಷ್ಟರಲ್ಲಿ ಉಸಿರು ಜೋರಾಗಿತ್ತು. ಯಾವ ಗಾಳಿಯನ್ನು ಅಳೆಯಲು ಹೊರಟಿದ್ದೆನೋ ಅದೇ ಗಾಳಿಯನ್ನು ಹುಡುಕಾಟದಲ್ಲಿ ಖರ್ಚು ಮಾಡಿದ್ದೆ. ಈ ವಿಷಯದ ಬೆನ್ನು ಹತ್ತಿದ್ದು ಆ ಅರ್ಧ ನಿಮಿಷದಿಂದ.

ತೂಗುವ ಕನ್ಸೋಲ್ ಹವಳಕ್ಕೆ ಬಡಿಯುತ್ತದೆ, ಮೀನುಬಲೆಗೆ ಸಿಕ್ಕುತ್ತದೆ. ಮೈಗಿಂತ ಅರ್ಧ ಮೀಟರ್ ಕೆಳಗೆ ಜೋತುಬಿದ್ದು ಅಷ್ಟು ಹೆಚ್ಚು ಆಳವನ್ನೂ ತೋರಿಸುತ್ತದೆ. ಎದೆಯ ಪಟ್ಟಿಗೆ ಕೊಕ್ಕೆ ಹಾಕಿದರೆ ಈ ದೋಷ ಬಹುಪಾಲು ಹೋಗುತ್ತದೆ ಎಂದು ಅದರ ಪಕ್ಷದವರು ಹೇಳುವುದು ನಿಜ. ಕೊಕ್ಕೆ ಹಾಕುವ ಅಭ್ಯಾಸ ಮಾತ್ರ ಕಲಿಸಬೇಕು.

ಗುಹೆಗಳಿಂದ ಬಂದ ಶಿಸ್ತು

ಫ್ಲಾರಿಡಾದ ನೀರ್ಗುಹೆಗಳಲ್ಲಿ ಮೇಲೆ ಬಂಡೆ, ಹೊರಬರಲು ಹಿಡಿದು ಬಂದ ದಾರವೊಂದೇ ದಾರಿ. ಅಲ್ಲಿ ಸತ್ತವರ ಒಂದೊಂದು ಪ್ರಕರಣವನ್ನೂ ಬಿಡಿಸಿ ನೋಡಿ ಗುಹಾ ಡೈವರ್ ಶೆಕ್ ಎಕ್ಸ್ಲಿ 1970ರ ದಶಕದ ಕೊನೆಯಲ್ಲಿ ಸುರಕ್ಷತೆಯ ನಿಯಮಗಳನ್ನು ಬರೆದರು. ಮುಂದೆ ಇನ್ನೊಬ್ಬ ಗುಹಾ ಡೈವರ್ ಬಿಲ್ ಹೊಗಾರ್ತ್ ಮೇನ್ ಅವರ ಹೆಸರಿನಿಂದ ಹೊಗಾರ್ತಿಯನ್ ಎಂದು ಕರೆಸಿಕೊಂಡ ಪದ್ಧತಿ ಬೆಳೆಯಿತು. ಬೇಡದ್ದು ಮೈಮೇಲೆ ಇರಕೂಡದು, ಇರುವುದು ತೂಗಕೂಡದು ಎಂಬುದು ಅದರ ತಿರುಳು. 1998ರಲ್ಲಿ ಜಾರಡ್ ಜಬ್ಲಾನ್ಸ್ಕಿ ಕಟ್ಟಿದ ಗ್ಲೋಬಲ್ ಅಂಡರ್‌ವಾಟರ್ ಎಕ್ಸ್‌ಪ್ಲೋರರ್ಸ್ ಸಂಸ್ಥೆ ಇದನ್ನು ಪಾಠಕ್ರಮವಾಗಿಸಿತು.

ಈ ಪದ್ಧತಿಯಲ್ಲಿ ಪ್ರೆಶರ್ ಗೇಜು ಒಂಟಿಯಾಗಿ, ಗಿಡ್ಡ ಪೈಪಿನ ತುದಿಯಲ್ಲಿ, ಎಡ ಸೊಂಟದ ಉಂಗುರಕ್ಕೆ ಕೊಕ್ಕೆಯಿಂದ ಸಿಕ್ಕಿಸಿರುತ್ತದೆ. ಆಳ ತೋರಿಸುವುದು ಬಲ ಮಣಿಕಟ್ಟಿಗೆ, ದಿಕ್ಸೂಚಿ ಎಡಕ್ಕೆ. ಗೇಜಿಗೆ ಕೊಕ್ಕೆಯನ್ನು ದಾರದಲ್ಲಿ ಕಟ್ಟುತ್ತಾರೆ, ಲೋಹದ ಬಳೆಯಲ್ಲಿ ಅಲ್ಲ. ಸಿಕ್ಕಿಕೊಂಡರೆ ಚಾಕುವಿನಿಂದ ಕೊಯ್ದು ಬಿಡಿಸಿಕೊಳ್ಳಬೇಕಲ್ಲ. ತಂಡದ ಎಲ್ಲರ ಮೈಮೇಲೂ ಎಲ್ಲ ವಸ್ತುವೂ ಅದೇ ಜಾಗದಲ್ಲಿರುವುದರಿಂದ ಕತ್ತಲಲ್ಲಿ ಗೆಳೆಯನ ಗೇಜು ಎಲ್ಲಿದೆ ಎಂದು ಹುಡುಕಬೇಕಾಗಿಲ್ಲ.

ನನಗೆ ಈ ಪಂಥದಲ್ಲಿ ಹಿಡಿಸಿದ್ದು ಅದರ ಒಂದು ತಿಳಿವಳಿಕೆ. ಜಾಗವನ್ನು ಕಣ್ಣು ನೆನಪಿಡುವುದಿಲ್ಲ, ಕೈ ನೆನಪಿಡುತ್ತದೆ. ಹಿಡಿಸದ್ದು ಅದರ ಹಟ. ನೋಡಬೇಕೆಂದಾಗಲೆಲ್ಲ ಕೊಕ್ಕೆ ಬಿಚ್ಚಿ ಮತ್ತೆ ಹಾಕಬೇಕು. ಸೆಳೆತದ ನೀರಿನಲ್ಲಿ, ದಪ್ಪ ಕೈಗವಸಿನಲ್ಲಿ ಅದು ಸಲೀಸಲ್ಲ.

ಪೈಪಿಲ್ಲದ ಗೇಜು

ಸಿಲಿಂಡರಿನ ಬಾಯಿಗೆ ಕೂಡಿಸುವ ರೆಗ್ಯುಲೇಟರಿಗೆ ಸಣ್ಣ ಟ್ರಾನ್ಸ್‌ಮಿಟರ್ ತಿರುಪಿದರೆ ಗಾಳಿಯ ಒತ್ತಡ ನೇರ ಮಣಿಕಟ್ಟಿನ ಕಂಪ್ಯೂಟರಿಗೆ ಬರುತ್ತದೆ. ಇನ್ನೂ ಮುಂದೆ ಹೋಗಿ ಮಾಸ್ಕಿನ ಅಂಚಿನಲ್ಲೇ ಅಂಕಿಗಳನ್ನು ಮೂಡಿಸುವ ಪರದೆಗಳೂ ಬಂದಿವೆ. ಕೈ ಎತ್ತಬೇಕಿಲ್ಲ, ಕೊಕ್ಕೆ ಬಿಚ್ಚಬೇಕಿಲ್ಲ, ಎರಡು ಕೈಗಳೂ ಕೆಲಸಕ್ಕೆ. ಕ್ಯಾಮೆರಾ ಹಿಡಿದವರಿಗೆ, ಅಳತೆಪಟ್ಟಿ ಹಿಡಿದು ಕೂಡುವವರಿಗೆ ಇದು ವರದಾನ. 1980ರ ದಶಕದಲ್ಲಿ ಕನ್ನಡಿಗ ಪುರಾತತ್ತ್ವಜ್ಞ ಎಸ್. ಆರ್. ರಾವ್ ಅವರ ನೇತೃತ್ವದಲ್ಲಿ ದ್ವಾರಕೆಯ ಕಡಲಲ್ಲಿ ಅಳತೆ ಮಾಡಿದ ತಂಡಕ್ಕೆ ಈ ಸೌಕರ್ಯ ಇರಲಿಲ್ಲ.

ಎದುರು ವಾದವೂ ಗಟ್ಟಿ. ಬ್ಯಾಟರಿ ಮುಗಿಯಬಹುದು, ಸಂಕೇತ ತಪ್ಪಬಹುದು. ಅದಕ್ಕೇ ಹಲವರು ಪೈಪಿನ ಗೇಜನ್ನೂ ಉಳಿಸಿಕೊಂಡಿದ್ದಾರೆ. ಉಳಿಸಿಕೊಂಡ ಮೇಲೆ ಪೈಪು ಕಡಿಮೆಯಾದದ್ದೆಲ್ಲಿ ಎಂಬುದು ಹೊಗಾರ್ತಿಯನ್ನರ ಪ್ರಶ್ನೆ.

ದಂಡೆಯ ಮೇಲಿನ ಗೇಜು

ಇಷ್ಟೂ ಪಂಥಗಳು ಒಂದನ್ನು ಒಪ್ಪಿಕೊಂಡೇ ಹೊರಡುತ್ತವೆ: ಗೇಜನ್ನು ಓದುವವನು ಮುಳುಗಿದವನೇ. ಬಂದರು, ಅಣೆಕಟ್ಟುಗಳಲ್ಲಿ ದುಡಿಯುವ ವೃತ್ತಿ ಮುಳುಗುಗಾರರು ಅದನ್ನೂ ಒಪ್ಪುವುದಿಲ್ಲ. ಅವರಿಗೆ ಗಾಳಿ ಮೇಲಿನಿಂದಲೇ ಪೈಪಿನಲ್ಲಿ ಬರುತ್ತದೆ. ಎದೆಯ ಮಟ್ಟದಲ್ಲಿ ಬಾಯಿ ತೆರೆದಿರುವ ಸಣ್ಣ ಕೊಳವೆಯೊಂದು ಜೊತೆಗಿರುತ್ತದೆ. ಮೇಲಿನವರು ಅದಕ್ಕೆ ಗಾಳಿ ಬಿಟ್ಟು, ನೀರನ್ನು ಹೊರತಳ್ಳಲು ಎಷ್ಟು ಒತ್ತಡ ಬೇಕಾಯಿತೆಂದು ನೋಡಿ ಆಳವನ್ನು ಓದುತ್ತಾರೆ. ಮುಳುಗಿದವನಿಗೆ ಓದುವ ಕೆಲಸವೇ ಇಲ್ಲ. ರಕ್ಷಣಾ ತಂಡಗಳ ಸ್ಕೂಬಾದಲ್ಲೂ ಇದರ ನೆರಳಿದೆ. ಸೊಂಟದ ಹಗ್ಗ ಹಿಡಿದವನು ಸಮಯ ಬರೆದುಕೊಳ್ಳುತ್ತಾನೆ, ಜಗ್ಗಿ ಕೇಳುತ್ತಾನೆ, ಜಗ್ಗಿಗೆ ಉತ್ತರ ಬರದಿದ್ದರೆ ಮೇಲೆಳೆಯುತ್ತಾನೆ.

ಕೃಷ್ಣೆ, ಭೀಮೆಯ ನೀರಿನಲ್ಲಿ

ಈ ಚರ್ಚೆ ಬಹುಮಟ್ಟಿಗೆ ತಿಳಿನೀರಿನಲ್ಲಿ ನಡೆದದ್ದು. ಫ್ಲಾರಿಡಾದ ಗುಹೆಯಾಗಲಿ, ಕೆಂಪು ಸಮುದ್ರವಾಗಲಿ, ನಮ್ಮ ನೇತ್ರಾಣಿಯಾಗಲಿ, ಕೈ ಚಾಚಿದರೆ ಬೆರಳು ಕಾಣುವ ಜಾಗಗಳು. ನೀಲಕಂಠರಾಯನಗಡ್ಡಿ ಇರುವ ನಮ್ಮ ಯಾದಗಿರಿ ಜಿಲ್ಲೆಯಲ್ಲಾದರೋ ಮನರಂಜನೆಗೆ ಮುಳುಗುವವರಿಲ್ಲ. ಇಲ್ಲಿ ಯಾರಾದರೂ ಮುಳುಗುವುದು ಹುಡುಕುವುದಕ್ಕೆ. ನಾರಾಯಣಪುರದ ಎಡದಂಡೆ ಕಾಲುವೆಯಲ್ಲಿ, ಭೀಮೆಯ ಬ್ಯಾರೇಜಿನಲ್ಲಿ, ಕೃಷಿಹೊಂಡದಲ್ಲಿ, ಕಲ್ಲುಕ್ವಾರಿಯಲ್ಲಿ. ಮೊದಲು ಬರುವವರು ಊರಿನ ಅಂಬಿಗರು, ತೆಪ್ಪದೊಂದಿಗೆ. ಬಾವಿಯಾದರೆ ಕೊಡ ತೆಗೆಯುವ ಪಾತಾಳಗರಡಿಯನ್ನೇ ಇಳಿಸುತ್ತಾರೆ. ಆಮೇಲೆ ಅಗ್ನಿಶಾಮಕ ಮತ್ತು ತುರ್ತು ಸೇವೆಯವರು, ಪ್ರವಾಹದ ಹೊತ್ತಿನಲ್ಲಿ ಎನ್‌ಡಿಆರ್‌ಎಫ್. ಕೃಷ್ಣೆಯಲ್ಲಿ ಮೊಸಳೆಗಳಿರುವುದೂ ಇವರ ಲೆಕ್ಕದಲ್ಲಿ ಸೇರಿರಬೇಕು.

ಮಳೆಗಾಲದ ಹೊಳೆಯಲ್ಲಿ ಒಂದು ಮಾರು ಇಳಿದರೆ ಚಹಾದ ಬಣ್ಣ, ಎರಡು ಮಾರು ಇಳಿದರೆ ಕತ್ತಲೆ. ಟಾರ್ಚು ಹಚ್ಚಿದರೆ ಮಣ್ಣಿನ ಕಣಗಳೇ ಬೆಳಗಿ ಎದುರಿಗೆ ಗೋಡೆ ನಿಲ್ಲುತ್ತದೆ. ಅಲ್ಲಿ ಗೇಜನ್ನು ಮಾಸ್ಕಿನ ಗಾಜಿಗೇ ಒತ್ತಿ ಹಿಡಿಯಬೇಕು. ಅಷ್ಟು ಹತ್ತಿರ ಕಣ್ಣು ಓದುವುದಿಲ್ಲ. ಇದಕ್ಕೊಂದು ಉಪಾಯವಿದೆ. ಶುದ್ಧ ನೀರು ತುಂಬಿ ಬಾಯಿ ಬಿಗಿದ ಪಾರದರ್ಶಕ ಪ್ಲಾಸ್ಟಿಕ್ ಚೀಲವನ್ನು ಒಯ್ದು, ಮಾಸ್ಕಿಗೂ ಗೇಜಿಗೂ ನಡುವೆ ಒತ್ತುವುದು. ನಡುವಿನ ಕೆಸರು ನೀರು ಪಕ್ಕಕ್ಕೆ ಸರಿದು ಚೀಲದ ತಿಳಿನೀರಿನ ಮೂಲಕ ಅಂಕಿ ಕಾಣುತ್ತದೆ. ಹತ್ತು ರೂಪಾಯಿಯ ಚೀಲ. ಆದರೆ ಅದಕ್ಕೂ ಒಂದು ಕೈ ಬೇಕು, ಅದಕ್ಕೂ ಮೈಮೇಲೆ ಒಂದು ಜಾಗ ಬೇಕು.

2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದಾಗ ಗಂಗಾವಳಿ ಹೊಳೆಯಲ್ಲಿ ನಡೆದ ಹುಡುಕಾಟವನ್ನು ನಾಡೇ ನೋಡಿತು. ನೌಕಾಪಡೆಯ ಡೈವರ್‌ಗಳಿಗೂ, ಮಲ್ಪೆಯ ಮುಳುಗುಗಾರ ಈಶ್ವರ ಅವರಿಗೂ ಸೆಳೆತ ಮತ್ತು ಕೆಸರು ಅಡ್ಡಬಂದವು. ಹುಡುಕುತ್ತಿದ್ದ ಲಾರಿ ಹೊಳೆಯಿಂದ ಮೇಲೆ ಬಂದದ್ದು ಸೆಪ್ಟೆಂಬರಿನ ಕೊನೆಯ ವಾರದಲ್ಲಿ. ಅಂಥ ನೀರಿನಲ್ಲಿ ಕನ್ಸೋಲ್ ತೂಗಬಿಟ್ಟರೆ ಹೊಳೆ ಅದನ್ನು ಬೆನ್ನ ಹಿಂದೆ ಒಯ್ಯುತ್ತದೆ. ಮುರಿದ ಮರ, ಬಲೆ, ತಂತಿ ಯಾವುದಕ್ಕೂ ಸಿಕ್ಕಬಹುದು. ಹೊಗಾರ್ತಿಯನ್ನರ ಪಾಠ ಇಲ್ಲಿ ನೂರಕ್ಕೆ ನೂರು ಸಲ್ಲುತ್ತದೆ, ಗೇಜು ಓದುವುದನ್ನು ಬಿಟ್ಟು.

ನಮ್ಮ ಜಿಲ್ಲೆಗೇ ಸೇರಿದ ಇನ್ನೊಂದು ಸೂಕ್ಷ್ಮವಿದೆ. 1982ರಲ್ಲಿ ಮುಗಿದ ನಾರಾಯಣಪುರ ಜಲಾಶಯ, ಅಂದರೆ ಬಸವಸಾಗರ, ತುಂಬಿದಾಗ ಅದರ ನೀರಿನ ಮಟ್ಟ ಸಮುದ್ರಕ್ಕಿಂತ ಸುಮಾರು 492 ಮೀಟರ್ ಎತ್ತರ. 300 ಮೀಟರಿನಿಂದ ಮೇಲೆ ಮುಳುಗುವುದನ್ನು ಡೈವಿಂಗ್ ಪಾಠಗಳು ಎತ್ತರದ ಡೈವಿಂಗ್ ಎಂದೇ ಎಣಿಸುತ್ತವೆ. ಸಮುದ್ರಮಟ್ಟಕ್ಕೆ, ಉಪ್ಪುನೀರಿಗೆ ಹೊಂದಿಸಿದ ಹಳೆಯ ಮುಳ್ಳಿನ ಡೆಪ್ತ್ ಗೇಜು ಇಲ್ಲಿ ಎರಡು ಕಾರಣಕ್ಕೆ ತಪ್ಪು ಹೇಳುತ್ತದೆ. ಮೇಲಿನ ಗಾಳಿಯ ಒತ್ತಡ ಕಡಿಮೆ, ಸಿಹಿನೀರು ಹಗುರ. ಎರಡೂ ಸೇರಿ 15 ಮೀಟರ್ ಆಳದಲ್ಲಿ ಹತ್ತಿರ ಹತ್ತಿರ ಒಂದು ಮೀಟರ್ ಕಡಿಮೆ ತೋರಿಸುತ್ತದೆ. ಇಂದಿನ ಬಹುತೇಕ ಕಂಪ್ಯೂಟರ್‌ಗಳು ಎತ್ತರವನ್ನು ತಾವೇ ಗುರುತಿಸುತ್ತವೆ. ಸಿಹಿನೀರು ಎಂದು ಹೇಳುವುದು ಮಾತ್ರ ಹಲವದರಲ್ಲಿ ನಾವೇ ಬದಲಿಸಬೇಕಾದ ಆಯ್ಕೆ, ಅದನ್ನು ದಂಡೆಯ ಮೇಲೇ ಮುಗಿಸಿರಬೇಕು.

ಇನ್ನೂ ಇತ್ಯರ್ಥವಾಗದವು

ಎಡಗೈಯೋ ಬಲಗೈಯೋ ಎಂಬುದು ಮುಗಿದಿಲ್ಲ. ಎಡಚರಿಗಂತೂ ಅದು ಹೊಸದಾಗಿ ಶುರುವಾಗುತ್ತದೆ, ಜಾಕೆಟ್ಟಿನ ಪೈಪು ಎಲ್ಲರಿಗೂ ಎಡಕ್ಕೇ ಇಳಿಯುವುದರಿಂದ. ಪೈಪಿಲ್ಲದ ಗೇಜೊಂದನ್ನೇ ನಂಬಿ ಇಳಿಯಬಹುದೇ ಎಂಬುದರಲ್ಲಿ ತರಬೇತುದಾರರಲ್ಲೇ ಒಮ್ಮತವಿಲ್ಲ. ಮಾಸ್ಕಿನೊಳಗಿನ ಅಂಕಿ ಕಣ್ಣನ್ನು ಸುತ್ತಲಿನಿಂದ ಕಿತ್ತು ತನ್ನತ್ತಲೇ ಹಿಡಿದಿಡುತ್ತದೆ ಎಂಬ ಆಕ್ಷೇಪಕ್ಕೆ ಅದನ್ನು ಬಳಸುವವರು ಅಭ್ಯಾಸದ ಮಾತು ಹೇಳುತ್ತಾರೆ. ಅಭ್ಯಾಸವಾಗುವವರೆಗಿನ ಇಳಿತಗಳ ಗತಿ ಏನು ಎಂಬುದು ಹಾಗೇ ಉಳಿಯುತ್ತದೆ.

ಸದ್ದಿನ ಎಚ್ಚರಿಕೆಯದೂ ಅದೇ ಪಾಡು. ಬೆಂಕಿ ಆರಿಸುವವರ ಉಸಿರಾಟದ ಸೆಟ್ಟಿನಲ್ಲಿ ಗೇಜು ಭುಜದಿಂದ ಎದೆಯ ಮೇಲೆ ಇಳಿದಿರುತ್ತದೆ, ಗಾಳಿ ತೀರುತ್ತ ಬಂದಾಗ ಸೀಟಿ ಊದುತ್ತದೆ. ಹೊಗೆಯಲ್ಲಿ ಕಣ್ಣು ಕಾಣದವರಿಗೆ ಕಿವಿ ಆಸರೆ. ನೀರಿನಲ್ಲಿ ಸದ್ದು ಗಾಳಿಗಿಂತ ನಾಲ್ಕು ಪಟ್ಟಿಗೂ ಹೆಚ್ಚು ವೇಗವಾಗಿ ಹರಿಯುವುದರಿಂದ ಅದು ಯಾವ ದಿಕ್ಕಿನಿಂದ ಬಂತೆಂದು ಕಿವಿಗೆ ತಿಳಿಯುವುದಿಲ್ಲ. ಇಬ್ಬರು ಇಳಿದಿದ್ದಾಗ ಕೂಗಿದ್ದು ಯಾರ ಕಂಪ್ಯೂಟರ್ ಎಂದು ಇಬ್ಬರೂ ಮಣಿಕಟ್ಟು ನೋಡಿಕೊಳ್ಳಬೇಕು. ನಡುಗಿ ತಿಳಿಸುವ ಗಡಿಯಾರಗಳು ಇದಕ್ಕೆ ಉತ್ತರವಾಗಬಹುದು, ದಪ್ಪ ಸೂಟಿನ ಮೇಲಿನಿಂದ ಆ ನಡುಕ ಚರ್ಮಕ್ಕೆ ಮುಟ್ಟಿದರೆ.

ಕೆಸರುಹೊಳೆಯ ಪ್ರಶ್ನೆ ಇವೆಲ್ಲಕ್ಕಿಂತ ದೊಡ್ಡದು, ಅದಕ್ಕೆ ಸಿಕ್ಕಿರುವ ಗಮನ ಎಲ್ಲಕ್ಕಿಂತ ಕಡಿಮೆ. ಕಾಣದ ನೀರಿನಲ್ಲಿ ಗೇಜನ್ನು ಮುಳುಗಿದವನ ಮೈಮೇಲೆ ಇಡುವುದು ಸರಿಯೋ, ಹಗ್ಗ ಹಿಡಿದವನ ಕೈಗೆ ಕೊಡುವುದು ಸರಿಯೋ? ಹಗ್ಗಕ್ಕೆ ಕೊಡುವುದಾದರೆ, ಒಂದು ಜಗ್ಗು ಎಂದರೆ ಏನು, ಮೂರು ಜಗ್ಗು ಎಂದರೆ ಏನು? ಸಂಕೇತಗಳು ತಂಡದಿಂದ ತಂಡಕ್ಕೆ ಬೇರೆ. ತೆಪ್ಪದಲ್ಲಿ ನಿಂತು ಹಗ್ಗ ಹಿಡಿಯುವವರು ಕೃಷ್ಣೆಯ ದಂಡೆಯ ತಿಂಥಣಿಯ ಅಂಬಿಗರಾಗಿದ್ದು, ಕೆಳಗೆ ಇಳಿದವರು ಬೇರೆ ರಾಜ್ಯದಿಂದ ಬಂದ ಪಡೆಯವರಾಗಿದ್ದರೆ, ಆ ಜಗ್ಗಿನ ಅರ್ಥವನ್ನು ಇಬ್ಬರಿಗೂ ಮೊದಲೇ ಕಲಿಸುವವರು ಯಾರು, ಯಾವ ಮಾತಿನಲ್ಲಿ?